ಕೆಂಪು ಚೆಂಡು ಎಲ್ಲಿ ಹೋಯಿತು?

ಮಕ್ಕಳೇ, ಹುಲ್ಲಿನ ಮೇಲೆ ಕೆಂಪು ಚೆಂಡು ಎಸೆದು ನಿಮ್ಮ ನಾಯಿಯನ್ನು ಓಡಿಸಿದ್ದೀರಾ? ಚೆಂಡು ಉರುಳುತ್ತಿರುವಾಗ ಅದು ಬಾಣದಂತೆ ಬೆನ್ನಟ್ಟುತ್ತದೆ. ಚೆಂಡು ನಿಂತಿತೋ, ನಾಯಿ ತಬ್ಬಿಬ್ಬಾಗುತ್ತದೆ. ಎದುರಿಗೇ ಬಿದ್ದಿದ್ದರೂ ಮೂಗನ್ನು ನೆಲಕ್ಕೆ ತಾಗಿಸಿ ಸುತ್ತುತ್ತದೆ. "ಎಂಥ ದಡ್ಡ ನಾಯಿ!" ಎಂದು ನಾವು ನಗುತ್ತೇವೆ. ಆದರೆ ತಪ್ಪು ನಾಯಿಯದಲ್ಲ, ಚೆಂಡಿನ ಬಣ್ಣವನ್ನು ಆರಿಸಿದ ನಮ್ಮದು! ಹೇಗೆ ಎಂದು ನೋಡೋಣ.

ನಾಯಿಯ ಕಣ್ಣು

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲ ಎಂಬ ಪದರವಿದೆ. ಬಣ್ಣಗಳನ್ನು ಗುರುತಿಸಲು ನೆರವಾಗುವ ಶಂಕುಕೋಶಗಳು ಇರುವುದು ಅಲ್ಲಿಯೇ. ಮನುಷ್ಯರಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಶಂಕುಕೋಶಗಳಿವೆ. ನಾಯಿಗಳಲ್ಲಿ ಎರಡೇ ಬಗೆ.

1989ರಲ್ಲಿ ಅಮೆರಿಕದ ವಿಜ್ಞಾನಿಗಳಾದ ನೀಟ್ಜ್, ಗೈಸ್ಟ್ ಮತ್ತು ಜೇಕಬ್ಸ್ ಇದನ್ನು ಪ್ರಯೋಗದಿಂದ ತೋರಿಸಿದರು. ಮೂರು ಫಲಕಗಳ ಮೇಲೆ ಬೆಳಕು ಬೀಳಿಸಿ, ಬೇರೆ ಬಣ್ಣದ ಫಲಕವನ್ನು ಮೂಗಿನಿಂದ ಮುಟ್ಟಿದ ನಾಯಿಗೆ ತಿಂಡಿ ಕೊಡುತ್ತಿದ್ದರು. ನಾಯಿಗಳಿಗೆ ನೀಲಿ ಮತ್ತು ಹಳದಿ ಬೇರೆ ಬೇರೆಯಾಗಿ ಕಾಣುತ್ತವೆ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ತಿಳಿಯುವುದು ಕಷ್ಟ. ಆದ್ದರಿಂದ 'ನಾಯಿಗೆ ಕಪ್ಪು ಬಿಳುಪು ಮಾತ್ರ ಕಾಣುತ್ತದೆ' ಎಂಬ ಮಾತು ಸರಿಯಲ್ಲ.

ಹಸಿರು ಹುಲ್ಲಿನಲ್ಲಿ ನಿಂತ ಕೆಂಪು ಚೆಂಡು ನಮಗೆ ಎದ್ದು ಕಾಣುತ್ತದೆ, ನಾಯಿಗೆ ಹುಲ್ಲಿನಲ್ಲಿ ಬೆರೆತುಹೋಗುತ್ತದೆ. ಹಾಗಿದ್ದರೂ ಅಂಗಡಿಯಲ್ಲಿ ನಾಯಿಯ ಆಟಿಕೆಗಳು ಎಷ್ಟೋ ಕೆಂಪಾಗಿರುತ್ತವೆ. ಏಕೆ? ಕೊಳ್ಳುವವರು ನಾವು ತಾನೆ!

ನಾಯಿಯ ಕಿವಿ

ಒತ್ತಿದರೆ 'ಕೀಚ್' ಎನ್ನುವ ಆಟಿಕೆಗಳು ಈಗ ಪೇಟೆಯಲ್ಲಿ ಸಾಮಾನ್ಯ. ನಾವು ಸುಮಾರು 20,000 ಹರ್ಟ್ಸ್‌ವರೆಗಿನ ಶಬ್ದವನ್ನು ಕೇಳಬಲ್ಲೆವು. ನಾಯಿ ಸುಮಾರು 45,000 ಹರ್ಟ್ಸ್‌ವರೆಗೂ ಕೇಳುತ್ತದೆ. ಕೀರಲು ದನಿ ಕೇಳಿದೊಡನೆ ಅದರ ಕಿವಿ ನಿಮಿರುತ್ತದೆ.

ನಾಯಿಯ ಹಲ್ಲು

ನಾಯಿಮರಿಗೆ 28 ಹಾಲುಹಲ್ಲುಗಳು. ಅವು ಬಿದ್ದು 42 ಶಾಶ್ವತ ಹಲ್ಲುಗಳು ಬರುತ್ತವೆ. ಆ ತಿಂಗಳುಗಳಲ್ಲಿ ವಸಡು ನವೆಯಾಗಿ ಮರಿ ಚಪ್ಪಲಿ, ಪೊರಕೆ, ಕಂಡದ್ದನ್ನೆಲ್ಲ ಕಚ್ಚುತ್ತದೆ. ಕಚ್ಚುವುದು ಅದರ ತುಂಟತನವಲ್ಲ, ಅಗತ್ಯ.

ಅಮೆರಿಕದ ಜೋ ಮಾರ್ಕಮ್ ಎಂಬುವರ ನಾಯಿ ಕಲ್ಲು ಕಚ್ಚಿ ಹಲ್ಲು ಹಾಳುಮಾಡಿಕೊಳ್ಳುತ್ತಿತ್ತು. ಅವರು ವ್ಯಾನ್ ರಿಪೇರಿ ಮಾಡುವಾಗ ಎಸೆದ ರಬ್ಬರ್ ಭಾಗವೊಂದು ಅದಕ್ಕೆ ಬಹಳ ಹಿಡಿಸಿತು. ಅದೇ ಆಕಾರದಲ್ಲಿ ಗಟ್ಟಿ ರಬ್ಬರಿನ ಟೊಳ್ಳು ಆಟಿಕೆಯನ್ನು ಅವರು ತಯಾರಿಸಿದರು. ಅವರು 1976ರಲ್ಲಿ ಆರಂಭಿಸಿದ 'ಕಾಂಗ್' ಕಂಪನಿ ಇಂದಿಗೂ ಅದನ್ನು ಮಾರುತ್ತಿದೆ. ಟೊಳ್ಳಿನಲ್ಲಿ ತಿಂಡಿ ತುಂಬಿಟ್ಟರೆ ನಾಯಿ ಮೂಸಿ, ನೆಕ್ಕಿ, ಉರುಳಿಸಿ ಹೊರತೆಗೆಯುತ್ತದೆ. ಹೀಗೆ ತಿಂಡಿ ಅಡಗಿಸುವ ಆಟಿಕೆಗಳು ಈಗ ಹಲವು ಬಗೆಯಲ್ಲಿ ಬಂದಿವೆ.

ಎಚ್ಚರ ಏಕೆ?

ನಾನು ಭೇಟಿ ಕೊಟ್ಟ ಶಾಲೆಯೊಂದರಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಮರಿಯ ಕಥೆ ಹೇಳಿದಳು. ಜಾತ್ರೆಯಲ್ಲಿ ಕೊಂಡ ಮೃದು ಆಟಿಕೆಯನ್ನು ಅದು ಹರಿದುಹಾಕಿತು. ಮರುದಿನದಿಂದ ಊಟ ಬಿಟ್ಟು ವಾಂತಿ ಮಾಡತೊಡಗಿತು. ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡಿದಾಗ ಕರುಳಿನಲ್ಲಿ ಸಿಕ್ಕಿದ್ದು ಆಟಿಕೆಯೊಳಗಿನ ಪ್ಲಾಸ್ಟಿಕ್ ಪೀಪಿ! "ಇನ್ನೊಂದು ದಿನ ತಡವಾಗಿದ್ದರೆ ನಮ್ಮ ಮರಿ ಇರುತ್ತಿರಲಿಲ್ಲ ಸರ್" ಎಂದಳು. ಆದ್ದರಿಂದ ಆಟಿಕೆ ನಾಯಿಯ ಬಾಯಿಗಿಂತ ದೊಡ್ಡದಾಗಿರಲಿ. ಹರಿದ ಕೂಡಲೇ ತೆಗೆದುಬಿಡಿ.

ಮಾಡಿ ನೋಡಿ

ದುಬಾರಿ ಆಟಿಕೆ ಬೇಡ. ಒಂದೇ ಬಗೆಯ ಹಳೆಯ ಹತ್ತಿಬಟ್ಟೆಯಿಂದ ಒಂದು ಕೆಂಪು, ಒಂದು ನೀಲಿ ಚೆಂಡನ್ನು ಬಿಗಿಯಾಗಿ ಕಟ್ಟಿ. ಗಾತ್ರ ಒಂದೇ ಇರಲಿ. ಎರಡನ್ನೂ ಒಬ್ಬರೇ ಮುಟ್ಟಲಿ. ನಾಯಿ ನೋಡದಿರುವಾಗ ಒಂದನ್ನು ಹುಲ್ಲಿನಲ್ಲಿಟ್ಟು, ನಂತರ ಬಿಡಿ. ಅದನ್ನು ಹುಡುಕಲು ಎಷ್ಟು ಸೆಕೆಂಡು ಬೇಕಾಯಿತು? ಜಾಗ ಬದಲಿಸುತ್ತಾ ಪ್ರತಿ ಚೆಂಡಿಗೆ ಹತ್ತು ಬಾರಿ ಮಾಡಿ, ಕೋಷ್ಟಕದಲ್ಲಿ ಬರೆದು ಸರಾಸರಿ ತೆಗೆಯಿರಿ.

ನೆನಪಿಡಿ: ರೇಬೀಸ್ ಲಸಿಕೆ ಹಾಕಿಸಿದ ನಿಮ್ಮ ಮನೆಯ ನಾಯಿಯೊಂದಿಗೆ, ದೊಡ್ಡವರ ಎದುರಿನಲ್ಲಿ ಮಾತ್ರ ಈ ಪ್ರಯೋಗ ಮಾಡಿ. ಬೀದಿನಾಯಿಗಳೊಂದಿಗೆ ಬೇಡ. ಯಾವುದೇ ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಮನೆಯವರಿಗೆ ತಿಳಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಬೈಯುತ್ತಾರೆಂದು ಮುಚ್ಚಿಡಬೇಡಿ.

ಯೋಚಿಸಿ

1. ಎರಡು ಚೆಂಡುಗಳನ್ನೂ ಒಬ್ಬರೇ ಏಕೆ ಮುಟ್ಟಬೇಕು?
2. ಉರುಳುವ ಕೆಂಪು ಚೆಂಡನ್ನು ಹಿಡಿಯುವ ನಾಯಿ, ನಿಂತ ಚೆಂಡನ್ನು ಏಕೆ ಕಾಣದು?
3. ಒಂದೇ ಬಾರಿ ಮಾಡಿ ತೀರ್ಮಾನಕ್ಕೆ ಬಂದರೆ ಏನು ತಪ್ಪು?