ಧ್ರುವದ ಮೇಲೊಂದು ದಾರಿ

ಶಾಲೆಯ ಗೋಡೆಗೆ ತೂಗುಹಾಕಿದ ಪ್ರಪಂಚದ ಭೂಪಟದಲ್ಲಿ ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಅಳತೆಪಟ್ಟಿಯನ್ನಿಟ್ಟು ಗೆರೆಯೆಳೆದರೆ, ಅದು ಅರಬ್ಬೀ ಸಮುದ್ರ, ಸಹಾರಾ ಮರುಭೂಮಿ, ಅಟ್ಲಾಂಟಿಕ್ ಸಾಗರಗಳನ್ನು ಹಾದು ಅಮೆರಿಕದ ಪಶ್ಚಿಮದ ಅಂಚನ್ನು ಮುಟ್ಟುತ್ತದೆ. ಇದಕ್ಕಿಂತ ನೇರವಾದ ದಾರಿ ಬೇರೊಂದಿಲ್ಲವೆಂದು ನೋಡುವವರಿಗೆ ತೋರುವುದು ಸಹಜ. ಆದರೆ ಈ ಗೆರೆಯನ್ನು ನಂಬಿ ಹೊರಟ ವಿಮಾನವು ಸುಮಾರು 20,000 ಕಿಲೋಮೀಟರ್ ಹಾರಬೇಕಾಗುತ್ತದೆ. ಅವೇ ಎರಡು ನಗರಗಳ ನಡುವೆ ಭೂಗೋಳದ ಮಾದರಿಯ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಅಳೆದರೋ, ದೂರವು 14,000 ಕಿಲೋಮೀಟರಿನಷ್ಟಾಗುತ್ತದೆ. ದಾರವು ಪಶ್ಚಿಮಕ್ಕೆ ತಿರುಗುವುದೇ ಇಲ್ಲ. ಹಿಮಾಲಯ, ಚೀನಾ, ಸೈಬೀರಿಯಾಗಳನ್ನು ದಾಟಿ, ಅಲಾಸ್ಕಾದ ಮೇಲೆ ಹಾದು ಕೆಳಗಿಳಿಯುತ್ತದೆ.

ತಪ್ಪು ಅಳತೆಪಟ್ಟಿಯದಲ್ಲ, ಪಟದ್ದು. ಮೂಸಂಬಿಯ ಸಿಪ್ಪೆಯನ್ನು ಹರಿಯದೆ, ಎಳೆಯದೆ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಬಲ್ಲವರುಂಟೆ? 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಎಂಬ ಪಂಡಿತನು ನಾವಿಕರಿಗಾಗಿ ಒಂದು ಭೂಪಟವನ್ನು ರಚಿಸಿದನು. ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಸಾಗುವ ಹಡಗಿನ ಹಾದಿ ಅದರಲ್ಲಿ ಸರಳರೇಖೆಯಾಗಿ ಕಾಣುತ್ತದೆ. ಈ ಅನುಕೂಲಕ್ಕಾಗಿ ಆತನು ಧ್ರುವದ ಕಡೆಯ ನಾಡುಗಳನ್ನು ಹಿಗ್ಗಿಸಬೇಕಾಯಿತು. ಆಫ್ರಿಕಾದ ಹದಿನಾಲ್ಕನೆಯ ಒಂದು ಪಾಲಿನಷ್ಟಿರುವ ಗ್ರೀನ್‌ಲ್ಯಾಂಡ್ ಅಲ್ಲಿ ಆಫ್ರಿಕಾಕ್ಕೆ ಸರಿಸಮನಾಗಿ ಮೆರೆಯುತ್ತದೆ. ಧ್ರುವಬಿಂದುವಿಗಂತೂ ಆ ಪಟದಲ್ಲಿ ಎಡೆಯೇ ಇಲ್ಲ. ಗೋಳದ ಮೇಲೆ ಎರಡು ಸ್ಥಳಗಳನ್ನು ಕೂಡಿಸುವ ಅತಿ ಹತ್ತಿರದ ದಾರಿಯೆಂದರೆ, ಭೂಮಿಯನ್ನು ಎರಡು ಸಮಭಾಗ ಮಾಡುವ ಮಹಾವೃತ್ತದ ತುಣುಕು. ದಾರವು ತೋರಿಸಿದುದು ಅದನ್ನೇ.

ಈ ಎರಡು ನಗರಗಳ ನಡುವೆ ಉತ್ತರ ಧ್ರುವದ ನೆತ್ತಿಯ ಮೇಲೆಯೇ ಹಾರಿದರೂ ಹೆಚ್ಚುವ ದೂರ 400 ಕಿಲೋಮೀಟರಿಗಿಂತ ಕಡಿಮೆ. ಪಶ್ಚಿಮದಿಂದ ಬಿರುಸಾಗಿ ಬೀಸುವ ಎದುರುಗಾಳಿಯ ಕಾಟವೂ ಅಲ್ಲಿ ಕಡಿಮೆಯಾಗುವುದುಂಟು. ಆದರೆ ಧ್ರುವದ ದಾರಿ ಸುಲಭದ್ದಲ್ಲ. ವಿಮಾನದ ಇಂಧನವು ಮೈನಸ್ 40ರಿಂದ 47 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಹೊರಗಿನ ಗಾಳಿಯು ಅದಕ್ಕಿಂತಲೂ ತಣ್ಣಗಿರಬಹುದು. ಆಗ ಚಾಲಕರು ಕೆಳಕ್ಕಿಳಿದೋ ವೇಗವನ್ನು ಹೆಚ್ಚಿಸಿಯೋ ಇಂಧನವನ್ನು ಕಾಪಾಡಿಕೊಳ್ಳಬೇಕು. ಕಾಂತಧ್ರುವದ ಬಳಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. 1978ರ ಏಪ್ರಿಲ್ 20ರಂದು ಪ್ಯಾರಿಸ್ಸಿನಿಂದ ಅಲಾಸ್ಕಾಕ್ಕೆ ಹೊರಟ ಕೊರಿಯಾದ ವಿಮಾನವೊಂದು ದಿಕ್ಕು ತಪ್ಪಿ ಸೋವಿಯತ್ ದೇಶದ ಆಕಾಶವನ್ನು ಹೊಕ್ಕಿತು. ಅಲ್ಲಿನ ಯುದ್ಧವಿಮಾನದ ಕ್ಷಿಪಣಿ ಅದರ ರೆಕ್ಕೆಗೆ ತಗುಲಿತು. ಚಾಲಕನು ಹೆಪ್ಪುಗಟ್ಟಿದ ಸರೋವರವೊಂದರ ಮೇಲೆ ಅದನ್ನು ಇಳಿಸಿದನು. ಒಳಗಿದ್ದ 109 ಮಂದಿಯಲ್ಲಿ ಇಬ್ಬರು ಅಸುನೀಗಿದರು.

ಇಂತಹ ದಾರಿಯನ್ನೇ ಹಿಡಿದು 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲರೂ ಅವರೊಡನಿದ್ದ ಚಾಲಕರೂ ಎಲ್ಲರೂ ಮಹಿಳೆಯರೇ. ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆಗಳ ಕಾಲ ಹಾರಿದ ಆ ವಿಮಾನ ಬೆಂಗಳೂರನ್ನು ಮುಟ್ಟಿದುದು 11ರ ನಸುಕಿನಲ್ಲಿ. ಹೊರಟಾಗ ಶನಿವಾರದ ರಾತ್ರಿ, ಇಳಿದಾಗ ಸೋಮವಾರದ ಬೆಳಗಿನ ಜಾವ. ಜನವರಿಯಲ್ಲಿ ಧ್ರುವದ ಮೇಲೆ ಸೂರ್ಯನು ಉದಯಿಸುವುದೇ ಇಲ್ಲವಾದ್ದರಿಂದ, ನಡುವಿನ ಭಾನುವಾರದ ಹಗಲು ಆ ಪ್ರಯಾಣಿಕರ ಪಾಲಿಗೆ ಬರಲೇ ಇಲ್ಲ.