ಬಿಸಿಲಿಗೆ ಮುನಿಯುವ ಹಳೇ ಕಾರು

ಕಾರ್ಬುರೇಟರ್ ಕಾಲದ ಮಾರುತಿ 800 ಇನ್ನೂ ಓಡಿಸುವವರಿಗೆ ಈ ಮಾತು. ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆದ ಗಾಡಿ, ರಾಯಚೂರಿನ ಮಧ್ಯಾಹ್ನದಲ್ಲಿ ನೀವು ಚಹಾ ಕುಡಿದು ಬರುವಷ್ಟರಲ್ಲಿ ಮುನಿಸಿಕೊಂಡಿದೆಯೇ? ಮೊದಲು ಸದ್ದು ಕೇಳಿ. ಸ್ಟಾರ್ಟರ್ ಎಳೆದೆಳೆದು ತಿರುಗಿದರೆ ಬ್ಯಾಟರಿ, ಅರ್ಥ್ ವೈರು ನೋಡಿಸಿ. ಚುರುಕಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಮೂಗಿಗೆ ಕೆಲಸ ಕೊಡಿ. ಪೆಟ್ರೋಲ್ ವಾಸನೆ ಗಪ್ಪೆಂದು ಬಡಿದರೆ, ಇಂಜಿನ್ ಕಾವಿಗೆ ಕಾರ್ಬುರೇಟರಿನ ಪೆಟ್ರೋಲ್ ಉಕ್ಕಿ ಒಳಗೆ ಹರಿದಿದೆ. ಚೋಕ್ ಮುಟ್ಟಬೇಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪದೇಪದೇ ತುಳಿದರೆ ಇನ್ನಷ್ಟು ಸುರಿಯುತ್ತದೆ (ನಾವೆಲ್ಲ ಮಾಡುವುದು ಅದನ್ನೇ). ವಾಸನೆಯೇ ಇಲ್ಲವೇ? ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಪಂಪು ಸೋತಿರಬಹುದು. ಬಾನೆಟ್ ಎತ್ತಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಕಾಲು ಗಂಟೆ ನೆರಳಲ್ಲಿ ಕೂತುಕೊಳ್ಳಿ. ದಿನವೂ ಇದೇ ಗೋಳಾದರೆ, ಕಾವಿಗೆ ಕೈಕೊಡುವ ಇಗ್ನಿಷನ್ ಕಾಯಿಲ್ ಪರೀಕ್ಷಿಸಲು ಮೆಕ್ಯಾನಿಕ್‌ಗೆ ಹೇಳಿ, ಅದೂ ಇಂಜಿನ್ ಬಿಸಿ ಇರುವಾಗಲೇ.