ಬೀಪ್ ನಿಲ್ಲದಿದ್ದರೆ ಎಲ್ಲಿ ಹುಡುಕಬೇಕು?

1981ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಕಂಪ್ಯೂಟರ್, 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯ ಮೂಲಕ ಭಾರತದ ಶಾಲೆಗಳಿಗೂ ಬಂತು. ಅಂಥದ್ದೊಂದು ಯಂತ್ರವನ್ನು ಶಾಲೆಯ ಉಗ್ರಾಣದಿಂದ ತಂದುಕೊಟ್ಟ ಮೇಷ್ಟ್ರಿಗೆ ಒಂದೇ ಆತುರ: “ಪ್ಲಗ್ ಹಾಕಿ ನೋಡೇಬಿಡೋಣ ಸಾರ್.” ನಾನು ಹಾಕಲಿಲ್ಲ.

ಕಾರಣ, ಅದರ ಪವರ್ ಸಪ್ಲೈ. 230 ವೋಲ್ಟಿನ ಲೈನಿಗೆ ಅಡ್ಡಲಾಗಿ ಅಲ್ಲಿ ಕಾಗದದ ಪದರದ ಕೆಪಾಸಿಟರುಗಳಿರುತ್ತವೆ. ವರ್ಷಗಳು ಕಳೆದಂತೆ ಅವುಗಳ ಹೊದಿಕೆ ಬಿರುಕು ಬಿಟ್ಟು ತೇವ ಒಳಸೇರುತ್ತದೆ. ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಢಬ್ಬೆಂದು ಒಡೆದು ಕೋಣೆ ತುಂಬ ಹೊಗೆ. ಈ ಯಂತ್ರದಲ್ಲೂ ಹೊದಿಕೆಯ ಮೇಲೆ ಕೂದಲೆಳೆಯಂಥ ಗೆರೆಗಳು ಎದ್ದು ಕಾಣುತ್ತಿದ್ದವು. ಎಕ್ಸ್2 ದರ್ಜೆಯ ಹೊಸವನ್ನು ಬೆಸುಗೆ ಹಾಕಿ, ಲೋಡಿಗೆ ಕಾರಿನ ಬಲ್ಬೊಂದನ್ನು ಜೋಡಿಸಿ ಅಳೆದದ್ದಾಯಿತು: ಮೂರು ಕೆಂಪು ತಂತಿಗಳಲ್ಲೂ 5 ವೋಲ್ಟ್, ನೇರಳೆಯಲ್ಲಿ ಮೈನಸ್ 5. ಈ ಅಂಕಿಗಳು ಸರಿಬರುವ ತನಕ ಬೋರ್ಡನ್ನು ಮುಟ್ಟಲೇಬಾರದು.

ಬಿಬಿಸಿ ಮೈಕ್ರೋ ತನ್ನ ರೋಗವನ್ನು ಬಾಯಿಬಿಟ್ಟು ಹೇಳುತ್ತದೆ. ಆರೋಗ್ಯವಾಗಿದ್ದರೆ ಮೊದಲು ಒಂದು ತಗ್ಗಿದ ದನಿ, ಬೆನ್ನಿಗೇ ಚಿಕ್ಕದೊಂದು ಬೀಪ್. ಸ್ವಿಚ್ ಹಾಕುತ್ತಲೇ ಧ್ವನಿ ಚಿಪ್ ತಾನಾಗಿಯೇ ಅರಚತೊಡಗುತ್ತದೆ; ಅದನ್ನು ಸುಮ್ಮನಾಗಿಸುವುದು ರಾಮ್‌ನಲ್ಲಿರುವ ತಂತ್ರಾಂಶವಲ್ಲ, ರೋಮ್‌ನಲ್ಲಿರುವ ಆಪರೇಟಿಂಗ್ ಸಿಸ್ಟಮ್. ಅಂದರೆ ಮೊದಲ ದನಿ ನಿಲ್ಲದೆ ಎಳೆಯುತ್ತಲೇ ಇದ್ದರೆ ಪ್ರೊಸೆಸರ್ ಕೆಲಸವನ್ನೇ ಆರಂಭಿಸಿಲ್ಲ. ಮೇಷ್ಟ್ರ ಯಂತ್ರ ಎಳೆಯುತ್ತಲೇ ಇತ್ತು.

ಇಂಥ ಹೊತ್ತಿನಲ್ಲಿ ಬಹಳ ಜನ ಚಿಪ್‌ಗಳನ್ನು ಒಂದೊಂದಾಗಿ ಬದಲಿಸಲು ಹೊರಡುತ್ತಾರೆ. ನನಗದು ಸುತರಾಂ ಒಪ್ಪಿಗೆಯಿಲ್ಲ. ಸರಿಯಿದ್ದ ಚಿಪ್ಪಿನ ಕಾಲು ಮುರಿಯುವುದು, ಬೋರ್ಡಿನ ತಾಮ್ರ ಏಳುವುದು ಆಗಲೇ. ಬದಲಿಗೆ ಮೊದಲು ಮೀಟರ್ ಹಿಡಿದು ನೋಡಬೇಕು. 6502 ಪ್ರೊಸೆಸರಿನ 40ನೇ ಪಿನ್ನು ರೀಸೆಟ್. ಸ್ವಿಚ್ ಹಾಕಿದ ಕ್ಷಣ ಅದು ಸೊನ್ನೆಯಲ್ಲಿದ್ದು, ಕೂಡಲೇ 5 ವೋಲ್ಟಿನತ್ತ ಏರಬೇಕು. ಇಲ್ಲಿ ಸೊನ್ನೆಯಲ್ಲೇ ಕೂತಿತ್ತು. ಕೀಬೋರ್ಡಿನ ಪಟ್ಟಿ ಕೇಬಲ್ ಕಿತ್ತೊಡನೆ ಮೀಟರಿನ ಅಂಕಿ ಮೇಲಕ್ಕೆ ಹಾರಿತು. ಬ್ರೇಕ್ ಕೀಲಿಗೂ ರೀಸೆಟ್‌ಗೂ ನೇರ ಸಂಬಂಧ. ಕೀಲಿಯೊಳಗೆ ಧೂಳು, ಜಂಗು ಸೇರಿ ಅದು ಒತ್ತಿದಂತೆಯೇ ಉಳಿದುಬಿಟ್ಟಿತ್ತು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿದ ಮೇಲೆ ಎರಡೂ ಬೀಪ್ ಕೇಳಿಸಿದವು.

ಆದರೆ ಪರದೆಯ ಮೇಲೆ 32ಕೆ ಬದಲು 16ಕೆ ಎಂದು ಮೂಡಿತು. ಹದಿನಾರು ರಾಮ್ ಚಿಪ್‌ಗಳಲ್ಲಿ ಒಂದು ಗುಂಪಿನ ಎಂಟರಲ್ಲಿ ಎಲ್ಲೋ ತಕರಾರು ಎಂದರ್ಥ. ಒಂದು ಚಿಪ್ ಮಾತ್ರ ಬೆರಳು ತಾಗಿಸಲಾಗದಷ್ಟು ಕಾದಿತ್ತು. ಅದನ್ನು ಇಡಿಯಾಗಿ ಬಿಡಿಸುವ ಹಟ ಬೇಡ: ಕಾಲುಗಳನ್ನು ಕತ್ತರಿಸಿ, ಒಂದೊಂದನ್ನೇ ಕಾಯಿಸಿ ಎಳೆದರೆ ತಾಮ್ರದ ಗೆರೆಗಳಿಗೆ ಪೆಟ್ಟಾಗುವುದಿಲ್ಲ. ಆ ಜಾಗದಲ್ಲಿ ಸಾಕೆಟ್ ಕೂರಿಸಿ ಹೊಸ ಚಿಪ್ ಒತ್ತಿದಾಗ 32ಕೆ ಬಂತು. ಮೇಷ್ಟ್ರು ಅಲ್ಲೇ ಕೂತು ಬೇಸಿಕ್‌ನಲ್ಲಿ ಮಗ್ಗಿ ಬರೆಸುವ ಪ್ರೋಗ್ರಾಂ ಟೈಪಿಸತೊಡಗಿದರು.